ಕಾಕುವಿನ ಕಾಲುಚೀಲ

ಸುದ್ದಿ ಬಂದಾಗ ನಾನು ಒಬ್ಬ ಹುಡುಗಿಯ ಕುತ್ತಿಗೆ ನೋಡುತ್ತಿದ್ದೆ. ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ನಾನು ಆಟದ ಟೀಚರು, ಹುಡುಗಿಯರಿಗೆ ಜೂಡೋ ಕಲಿಸುತ್ತೇನೆ. ಹಿಂದಿನ ದಿನ ಬೀಳುವುದನ್ನು ಕಲಿಯುವಾಗ ಆ ಹುಡುಗಿ ಗದ್ದವನ್ನು ಎದೆಗೆ ಒತ್ತಿಕೊಳ್ಳುವುದನ್ನು ಮರೆತು, ತಲೆ ಹಿಂದಕ್ಕೆ ಚೆಲ್ಲಿ ಬಿದ್ದಿದ್ದಳು. ಈಗ ಒಂದು ಕಡೆಗೆ ತಿರುಗಿದರೆ ಕಣ್ಣಲ್ಲಿ ನೀರು. ಕೈಯಲ್ಲಿ ಜುಮ್ಮೆನ್ನುತ್ತದೆಯೇ, ಮುಷ್ಟಿ ಬಿಗಿಯಾಗಿ ಕಟ್ಟಲು ಬರುತ್ತದೆಯೇ ಎಂದು ಕೇಳುತ್ತಿರುವಾಗ ನನ್ನ ಮೊಬೈಲು ಗುಂಯ್‌ಗುಟ್ಟಿತು. ದಾಂಡೇಲಿಯ ಅಂಬೇವಾಡಿಯಲ್ಲಿ ನಾನು ಹುಟ್ಟಿ ಬೆಳೆದ ಓಣಿಯವರ ಗುಂಪು. ಇಷ್ಟೇ ಬರೆದಿತ್ತು: "ಪಾಯಾಳು ಅಜ್ಜಿ ತೀರಿಕೊಂಡಾರ. ಪಾದದ ಗುರುತು ಬೇಕಾದವರು ಬಿಳಿ ಅರಿವಿ ತಗೊಂಡು ಲಗೂ ಬರ್ರಿ."

ಮನುಷ್ಯಳ ಸಾವಿಗೆ ಒಂದು ಸಾಲು, ಆಕೆಯ ಕಾಲಿಗೆ ಇನ್ನೊಂದು ಸಾಲು. ಅದರ ಕೆಳಗೆ ಕೈಮುಗಿದ ಚಿತ್ರಗಳು. ನಡುವೆ ಒಬ್ಬ ಮಹಾಶಯ, "ನನಗೊಂದು ಎತ್ತಿ ಇಡ್ರಿ, ಡ್ಯೂಟಿ ಮುಗಿಸಿ ಬರ್ತೇನಿ" ಎಂದು ಬರೆದಿದ್ದ, ಮದುವೆ ಮನೆಯಲ್ಲಿ ಲಾಡು ಎತ್ತಿಡಿ ಅಂದ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದವರನ್ನು ಪಾಯಾಳು ಅನ್ನುತ್ತಾರೆ. ಕುತ್ತಿಗೆ ಹಿಡಿದುಕೊಂಡಾಗ, ಸೊಂಟ ಉಳುಕಿದಾಗ ಅಂಥವರಿಂದ ಆ ಜಾಗಕ್ಕೆ ಒದಿಸಿಕೊಂಡರೆ ನೋವು ಬಿಟ್ಟುಹೋಗುತ್ತದೆ ಎಂಬ ನಂಬಿಕೆ. ಬೆಳಿಗ್ಗೆ ಹೋಗಬೇಕು. ಒದಿಸಿಕೊಂಡ ಮೇಲೆ ಒಂದು ಮಾತೂ ಆಡದೆ, ಹಿಂದಕ್ಕೆ ಹೊಳ್ಳಿ ನೋಡದೆ ಮನೆ ಸೇರಬೇಕು. ಹೊಳ್ಳಿ ನೋಡಿದರೆ ನೋವು ಬೆನ್ನಟ್ಟಿಕೊಂಡು ಬರುತ್ತದಂತೆ. ಎಂಥ ಅನುಕೂಲದ ಶಾಸ್ತ್ರ ನೋಡಿ! ಉಪಕಾರ ತಗೋ, ಮಾಡಿದವರ ಮುಖ ಮಾತ್ರ ನೋಡಬೇಡ.

ನಮ್ಮ ಓಣಿಯಲ್ಲಿ ಆಕೆಯ ಹೆಸರು ಎಷ್ಟು ಜನರಿಗೆ ಗೊತ್ತಿತ್ತೋ ಆ ಶಿವನೇ ಬಲ್ಲ. ಮೊದಲು ಪಾಯಾಳು ಅಕ್ಕ, ಆಮೇಲೆ ಪಾಯಾಳು ಕಾಕು, ಕೂದಲು ಬೆಳ್ಳಗಾದ ಮೇಲೆ ಪಾಯಾಳು ಅಜ್ಜಿ. ಬೆನ್ನ ಹಿಂದೆ ಇನ್ನೊಂದು ಹೆಸರಿತ್ತು, ಅದು ಮುಂದೆ ಬರುತ್ತದೆ. ನಾನು ಬರೀ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ನಿಜವಾದ ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಅದನ್ನು ಬೋರ್ಡಿಗೆ ಹಾಕಿ, ಕೆಳಗೆ ಎರಡು ಪಾದ ಕೆತ್ತಿಸಿ, ಕಟ್ಟೆ ಕಟ್ಟಿ, ಕಾಯಿ ಒಡೆಯಲು ಶುರುಮಾಡುವ ಜನ ಇವರು. ಬದುಕಿದ್ದಾಗ ಬೇಡವಾಗಿದ್ದ ಹೆಸರು ಈಗಲೂ ಅವರ ಕೈಗೆ ಸಿಗುವುದು ಬೇಡ.

ಕಾಕು ಬೆಳಗಾವಿ ಜಿಲ್ಲೆಯ ಹಳ್ಳಿಯಾಕೆ, ಹಳಿಯಾಳದ ಹತ್ತಿರದ ಊರಿಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ದಾಂಡೇಲಿಗೆ ಬಂದು ಬಾಡಿಗೆ ಮನೆ ಹಿಡಿದು, ಕಾಗದದ ಮಿಲ್ಲಿನಲ್ಲಿ ದುಡಿಯುವವರ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮುಂಜಾನೆ ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ಆಕೆಯ ಕೈ ಸಪ್ಪಳ ಗೋಡೆಯಾಚೆ ನಮಗೆ ಕೇಳಿಸುತ್ತಿತ್ತು. ರೊಟ್ಟಿ ಉಬ್ಬಿದರೆ ಪೂರ್ತಿ ಉಬ್ಬಬೇಕು. ಅರೆಬರೆ ಉಬ್ಬಿದ್ದನ್ನು ಮಂದಿಗೆ ಕೊಡದೆ ತಾನೇ ತಿನ್ನುತ್ತಿದ್ದಳು. ಆ ಕೈಯನ್ನು ಯಾರಾದರೂ ಹೊಗಳಿದ್ದು ನನಗೆ ನೆನಪಿಲ್ಲ. ರೊಟ್ಟಿ ತಿಂದು ಬಾಯಿ ಒರೆಸಿಕೊಂಡು, "ಕಾಕುನ ಕಾಲ ಭಾಳ ಛಲೋ ಐತಿ" ಅನ್ನುತ್ತಿದ್ದರು.

ಆ ಕಾಲನ್ನು ಆಕೆ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟುಕೊಂಡಿದ್ದಳು. ಏಪ್ರಿಲ್ಲಿನ ಬಿಸಿಲಿನಲ್ಲೂ ಸೀರೆಯ ಕೆಳಗೆ ಉಣ್ಣೆಯ ಕಾಲುಚೀಲ. ಬಾಗಿಲ ಹೊರಗೆ ಚಪ್ಪಲಿಗಳ ಸಾಲು, ಮನೆಯಲ್ಲಿ ಹತ್ತು ಮಂದಿ ಇದ್ದ ಹಾಗೆ. ಎಲ್ಲ ಆಕೆಯವೇ. ಬಂಗಾರದ ಆಸೆ ಇರಲಿಲ್ಲ, ಸೀರೆಯ ಆಸೆ ಇರಲಿಲ್ಲ, ಚಪ್ಪಲಿ ಅಂಗಡಿ ಕಂಡರೆ ಮಾತ್ರ ಕಾಲು ಮುಂದೆ ಹೋಗುತ್ತಿರಲಿಲ್ಲ. ಮನೆಯೊಳಗೆ ಮಂದಿ ಚಪ್ಪಲಿ ಬಿಡುತ್ತಾರಲ್ಲ, ಈಕೆ ಯಾರಾದರೂ ಬಂದರೆ ಒಳಗೂ ಹಾಕಿಕೊಳ್ಳುತ್ತಿದ್ದಳು.

"ಶೆಕಿ ಆಗೂದಿಲ್ಲೇನ ಕಾಕು?" ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ.

"ಆಗ್ತೈತಿ. ಮಂದಿ ಕಣ್ಣಿಗಿಂತ ಶೆಕಿ ಛಲೋ," ಅಂದಿದ್ದಳು.

ಕಣ್ಣು ಅಂದರೆ ಸಾಮಾನ್ಯ ಕಣ್ಣಲ್ಲ. ಒಮ್ಮೆ ನಾವೆಲ್ಲ ಜೊಯಿಡಾದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಬಸ್ಸಿನ ಡ್ರೈವರನಿಗೆ ಕುತ್ತಿಗೆ ಹಿಡಿದಿತ್ತು, ಪಾಪ, ಕನ್ನಡಿ ನೋಡಬೇಕಾದರೆ ಸೊಂಟದಿಂದ ಮೇಲೆ ಇಡೀ ಮೈ ತಿರುಗಿಸುತ್ತಿದ್ದ. ನಮ್ಮ ಓಣಿಯ ಯಾವನೋ ಒಬ್ಬ ಅವನ ಕಿವಿಯಲ್ಲಿ ಊದಿದ. ಕಾಡಿನ ನಡುವೆ ಬಸ್ಸು ನಿಂತೇಬಿಟ್ಟಿತು. ಡ್ರೈವರ್ ಬಂದು ಕಾಕುವಿನ ಸೀಟಿನ ಮುಂದೆ ನೆಲಕ್ಕೆ ಕೂತು ತಲೆ ಬಗ್ಗಿಸಿದ. ಬಸ್ಸು ತುಂಬ ಮಂದಿ ಎದ್ದು ನಿಂತು ನೋಡುತ್ತಿದ್ದಾರೆ, ಮಕ್ಕಳು ಸೀಟಿನ ಮೇಲೆ ಹತ್ತಿವೆ. ಕಾಕು ಕಿಟಕಿಯ ಕಡೆ ಮುಖ ತಿರುಗಿಸಿ, "ಬಸ್ಸ ನಡಸಪಾ, ನನಗ ಮನ್ಯಾಗ ಕೆಲಸ ಐತಿ," ಅಂದಳು. ಅವನು ಏಳಲಿಲ್ಲ. ಹಿಂದಿನ ಸೀಟಿನಿಂದ ಒಬ್ಬ, "ಒದ್ದ ಬಿಡವಾ, ನಿನ್ನ ಗಂಟೇನ ಹೋಗ್ತೈತಿ?" ಅಂದ. ಕಾಕು ಕಾಲುಚೀಲ ತೆಗೆದಳು. ಅದನ್ನು ತೆಗೆಯುವಾಗ ಆಕೆಯ ಮುಖ ಹೇಗಿತ್ತು ಎಂದು ನಾನು ಮಾತ್ರ ನೋಡಿದೆ, ಯಾಕೆಂದರೆ ಉಳಿದವರೆಲ್ಲ ಕಾಲು ನೋಡುತ್ತಿದ್ದರು. ಕುಪ್ಪಸದ ಗುಂಡಿ ತೆಗೆ ಎಂದು ನಾಲ್ಕು ಮಂದಿಯಲ್ಲಿ ಹೇಳಿಸಿಕೊಂಡ ಹೆಂಗಸಿನ ಮುಖ ಅದು.

ಇನ್ನು ಮನೆಯಲ್ಲಿ ಆಕೆ ಒದೆಯುತ್ತಿದ್ದ ರೀತಿ ಬೇರೆ. ಅದು ಒದೆಯೇ ಅಲ್ಲ. ಬಂದವರನ್ನು ಮಣೆಯ ಮೇಲೆ ಕೂಡಿಸಿ, ಮೊದಲು ರೊಟ್ಟಿ ಬೇಯಿಸುವ ಹಂಚಿನ ಮೇಲೆ ದಪ್ಪ ಉಪ್ಪು ಹುರಿಯುತ್ತಿದ್ದಳು. ಅದನ್ನು ಹಳೇ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ಮೊದಲು ತನ್ನ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ಕುತ್ತಿಗೆಗೆ, ಹೆಗಲಿಗೆ ಶಾಖ. ಗಂಟು ಆರಿದರೆ ಮತ್ತೆ ಹಂಚಿಗೆ. ನಡುವೆ ಒಂದು ಕಪ್ಪು ಚಹಾ, ಒಂದಿಷ್ಟು ಬೈಗುಳ. "ಈಗ ಮೆಲ್ಲಕ ಆ ಕಡೆ ನೋಡು. ನೋಯತೈತಿ? ಅಲ್ಲೇ ನಿಲ್ಲು. ಕಟಕ್ ಅಂತ ತಿರುವಬ್ಯಾಡ, ಅದೇನ ನಿಮ್ಮಪ್ಪನ ಸೈಕಲ್ ಹ್ಯಾಂಡಲ್ ಅಲ್ಲ." ಬಂದವರ ಕುತ್ತಿಗೆ ಅಷ್ಟರಲ್ಲಿ ಅರ್ಧ ಸಡಿಲವಾಗಿರುತ್ತಿತ್ತು. ಕೊನೆಗೆ ಕಾಲುಚೀಲ ಕಳಚಿ, ಹಿಮ್ಮಡಿಯನ್ನು ಕುತ್ತಿಗೆಗೆ ಹೀಗೆ ಮುಟ್ಟಿಸಿ ಹಾಗೆ ತೆಗೆಯುತ್ತಿದ್ದಳು. ಬಂದವರು ಎದ್ದು, ಬಾಯಿ ಮುಚ್ಚಿಕೊಂಡು, ಹೊಳ್ಳಿ ನೋಡದೆ ಹೋಗುತ್ತಿದ್ದರು.

"ನೋವು ಹೋಗೂದು ಉಪ್ಪಿಗೋ ಕಾಲಿಗೋ ಕಾಕು?"

"ಉಪ್ಪಿಗೆ. ಇಲ್ಲಾಂದ್ರ ತಾನ ಹೋಗ್ತೈತಿ."

"ಮತ್ತ ಹಂಗಂತ ಹೇಳಬೇಕಿಲ್ಲೋ?"

"ಹೇಳಿದ್ರ ಬರ್ತಾರೇನ? ಉಪ್ಪು ಅವರ ಮನ್ಯಾಗೂ ಐತಿ. ಈ ದರಿದ್ರ ಕಾಲ ಇಲ್ಲಾಂದ್ರ ನನ್ನ ಹೊಸ್ತಲಾ ಯಾರ ತುಳೀತಾರ ಹೇಳು?"

ಇದಕ್ಕೆ ಉತ್ತರ ಕೊಡಬೇಕಾದವರು ಓಣಿಯವರು, ಆದರೆ ಅವರನ್ನು ಕೇಳಿದವರಿಲ್ಲ. ಎದುರು ಮನೆಯ ಅಕ್ಕಾರ ಬಸುರಿ ಮಗಳ ಕುಬಸದ ದಿನ ನಡೆದದ್ದನ್ನು ಕೇಳಿ. ಬೆಳಿಗ್ಗೆಯಿಂದ ಕಾಕು ಅವರ ಹಿತ್ತಲಲ್ಲಿ ಕೂತು ಇಡೀ ಊಟಕ್ಕೆ ರೊಟ್ಟಿ ಬಡಿದಿದ್ದಳು. ಆರತಿ ಮುಗಿದು ಅರಿಶಿನ ಕುಂಕುಮದ ತಟ್ಟೆ ಹೊರಟಿತು. ನನ್ನ ಅವ್ವನ ಹಣೆಗೆ ಹಚ್ಚಿದ ಅಕ್ಕಾರು, ಪಕ್ಕದಲ್ಲೇ ನಿಂತ ಕಾಕುವನ್ನು ಗೋಡೆ ದಾಟಿದ ಹಾಗೆ ದಾಟಿ ಮುಂದಿನವರ ಹಣೆಗೆ ಹಚ್ಚಿದರು. ಗಂಡನಿಲ್ಲದಾಕೆ, ಹಚ್ಚುವ ಪದ್ಧತಿ ಇಲ್ಲ. ಕಾಕು ಹಿತ್ತಲಿಗೆ ಹೋದಳು. ಮರುದಿನ ಬೆಳಿಗ್ಗೆ ಅದೇ ಅಕ್ಕಾರ ಅಳಿಯನಿಗೆ, ಜಾಗ ಬದಲಾಗಿ ಮಲಗಿದ್ದಕ್ಕೆ, ಕುತ್ತಿಗೆ ಹಿಡಿಯಿತು. ಅಕ್ಕಾರು ಅಳಿಯನನ್ನು ಕರೆದುಕೊಂಡು ಕಾಕುವಿನ ಬಾಗಿಲಿಗೆ ಬಂದರು.

"ನಿನ್ನಿ ನಿಮ್ಮ ಕುಂಕುಮದ ತಟ್ಟಿ ನನ್ನ ಹಣಿ ಹಾರಿ ಹೋತು," ಅಂದಳು ಕಾಕು. "ಇವತ್ತ ನನ್ನ ಕಾಲ ನಿಮ್ಮ ಅಳಿಯನ ಕುತಿಗಿ ಹಾರಿ ಹೋದ್ರ ಹೆಂಗ?"

ಅಕ್ಕಾರು ನಕ್ಕರು. ಚೇಷ್ಟೆ ಅಂದುಕೊಂಡರು! ಕಾಕು ಅವತ್ತೂ ಉಪ್ಪು ಹುರಿದಳು, ಕಾಲು ಮುಟ್ಟಿಸಿದಳು. ಅದಕ್ಕಾಗಿ ನನಗೆ ಆಕೆಯ ಮೇಲೂ ಸಿಟ್ಟು ಬಂದಿತ್ತು. ಈಗಲೂ ಇದೆ.

ಆಕೆ ಒಂದೇ ಒಂದು ಸಲ ಒದೆಯುವುದಿಲ್ಲ ಎಂದು ಹಟ ಹಿಡಿದು ನಿಂತದ್ದು ನನ್ನ ಕುತ್ತಿಗೆಯ ವಿಷಯದಲ್ಲಿ.

ನಾನಾಗ ಹೈಸ್ಕೂಲಿನಲ್ಲಿದ್ದೆ. ಜೂಡೋದ ಹುಚ್ಚು. ಕಲಿಸುತ್ತಿದ್ದ ಮಾಸ್ತರು ಹೊರಗಿನಿಂದ ಬರುತ್ತಿದ್ದರು. ಗೋಣಿಚೀಲದಲ್ಲಿ ಹುಲ್ಲು ತುಂಬಿ ಹೊಲಿದ ಗಾದಿಯ ಮೇಲೆ ನಮ್ಮನ್ನು ಎತ್ತಿ ಒಗೆಯುತ್ತಿದ್ದರು. ಕೆಟ್ಟವರಲ್ಲ, ಆದರೆ ನೋವು ಅಂದರೆ ಸೋಮಾರಿತನ ಎಂದು ತಿಳಿದವರು. ಒಂದು ದಿನ ನಾನು ತಲೆ ಮೊದಲಾಗಿ ಬಿದ್ದೆ. ಕುತ್ತಿಗೆಯಲ್ಲಿ ಬೆಂಕಿ ಇಟ್ಟ ಹಾಗಾಯಿತು. "ಕುತಿಗಿ ಕಚ್ಚಾ ಐತಿ, ಗಟ್ಟಿ ಮಾಡು," ಎಂದು ಮಾಸ್ತರು ಅಲ್ಲೇ ತಲೆಯನ್ನು ನೆಲಕ್ಕೆ ಊರಿ ಮೈಯನ್ನು ಕಮಾನು ಮಾಡಿ ನಿಲ್ಲಿಸಿದರು. ಮನೆಗೆ ಬರುವಷ್ಟರಲ್ಲಿ ನಾನು ಹಂಪಿಯ ಕಲ್ಲಿನ ಗೊಂಬೆ.

ಅವ್ವ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ನನ್ನ ತಲೆದಿಂಬನ್ನು ಬಿಸಿಲಿಗಿಟ್ಟಳು. ಕುತ್ತಿಗೆ ಹಿಡಿದರೆ ದಿಂಬಿಗೆ ಬಿಸಿಲು ಕಾಣಿಸಬೇಕು ಎಂಬ ಪದ್ಧತಿ ನಮ್ಮಲ್ಲಿದೆ. ತಪ್ಪು ಮಾಡಿದ್ದು ಮಾಸ್ತರು, ಬಿಸಿಲಲ್ಲಿ ಬಿದ್ದದ್ದು ದಿಂಬು. ಚಪಾತಿಯ ಲಟ್ಟಣಿಗೆಯನ್ನು ಕುತ್ತಿಗೆಯ ಮೇಲೆ ಹೊರಳಿಸಿದಳು. ಬೆಳ್ಳುಳ್ಳಿ ಎಣ್ಣೆ ಹಚ್ಚಿದಳು. ಎಡಗೈಯ ಬೆರಳುಗಳಲ್ಲಿ ಇರುವೆ ಹರಿದ ಹಾಗೆ ಆಗುತ್ತಿದೆ ಎಂದು ಹೇಳಿದರೆ, "ಎಣ್ಣಿ ಇಳಿಯಾಕತ್ತೈತಿ," ಅಂದಳು.

ಧಾರವಾಡದಲ್ಲಿ ಜೂಡೋ ತಂಡದ ಆಯ್ಕೆ ಇತ್ತು. ಮಾಸ್ತರು ಮನೆಗೇ ಬಂದರು. ಪಾಯಾಳು ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲೇ ಇದ್ದಾಳೆ ಎಂದು ಕೇಳಿ ಅವರ ಮುಖ ಅರಳಿತು. ಮರುದಿನ ಬೆಳಿಗ್ಗೆ ಅವ್ವ ಒಂದು ಕಡೆ, ಮಾಸ್ತರು ಇನ್ನೊಂದು ಕಡೆ ಹಿಡಿದು ನನ್ನನ್ನು ಕಾಕುವಿನ ಮಣೆಯ ಮೇಲೆ ಕೂಡಿಸಿದರು.

"ಈ ಹುಡಿಗಿಗೆ ಒಂದು ಜೋರ ಒದಿ ಕೊಡ್ರಿ ಅವ್ವಾರ. ಆಯ್ಕಿ ಐತಿ," ಅಂದರು ಮಾಸ್ತರು.

ಕಾಕು ಉಪ್ಪು ಹಂಚಿಗೆ ಹಾಕಿ ನನ್ನ ಮುಂದೆ ಕೂತಳು. "ಎಲ್ಲೆಲ್ಲಿ ನೋಯತೈತಿ ಮಗಳ?" ನಾನು ಕುತ್ತಿಗೆ ತೋರಿಸಿದೆ, ಹೆಗಲು ತೋರಿಸಿದೆ, ಬೆರಳಿನ ಇರುವೆಯ ವಿಷಯ ಹೇಳಿದೆ. ಆಕೆ ತನ್ನ ಎರಡು ಬೆರಳು ನನ್ನ ಎಡಗೈಗೆ ಕೊಟ್ಟು, "ಗಟ್ಟಿ ಹಿಡಿ," ಅಂದಳು. ಹಿಡಿದೆ. "ಗಟ್ಟಿ ಹಿಡಿ ಅಂದೆ," ಅಂದಳು. ಹಿಡಿದೇ ಇದ್ದೆ.

ಕಾಕು ಬೆರಳು ಎಳೆದುಕೊಂಡಳು, ಸಲೀಸಾಗಿ ಬಂದವು. ಎದ್ದು ಹಂಚನ್ನು ಒಲೆಯಿಂದ ಇಳಿಸಿದಳು. "ನಾ ಇಕೀಗೆ ಕಾಲ ಹಚ್ಚೂದಿಲ್ಲ. ಧಾರವಾಡಕ್ಕ ಒಯ್ರಿ, ದೊಡ್ಡ ದವಾಖಾನಿಗೆ. ಇವತ್ತ ಒಯ್ರಿ."

ಅವ್ವ ಮೊದಲು ಬೇಡಿಕೊಂಡಳು, ಆಮೇಲೆ ಬೈದಳು. ಊರ ಮಂದಿಗೆಲ್ಲ ಇಡುವ ಕಾಲು ನನ್ನ ಮಗಳಿಗೆ ಯಾಕಿಲ್ಲ ಎಂದಳು. ಮಾಸ್ತರು, "ಏನ ಸೊಕ್ಕ ಬಂತ್ರಿ ನಿಮಗ? ಒಂದ ಒದಿ ಕೇಳಿದ್ರ ಇಷ್ಟ ಮಾಡ್ತೀರಿ!" ಅಂದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು. "ಬಿಡ್ರಿ, ನಾನ ಒಂದ ಸಲ ಕಟಕ್ ಅನಿಸಿ ಬಿಡ್ತೇನಿ."

ಕಾಕು ಚಪ್ಪಲಿ ತೆಗೆದು ಬೀಸಿ ಒಗೆದಳು. ಮಾಸ್ತರ ಎದೆಗೆ ಬಡಿದು ಬಿತ್ತು.

"ಕೈ ತಗೀ! ಅಕೀ ತಲಿ ಮ್ಯಾಲಿನ ಕೈ ತಗೀ! ನನ್ನ ಗಂಡ ಪೈಲವಾನ ಇದ್ದ. ತಾಲೀಮಿನ್ಯಾಗ ಕುತಿಗಿ ಮ್ಯಾಲ ಬಿದ್ದ. ಕೈ ಜುಂ ಅಂತೈತಿ ಅಂತ ಬಾಯಿಬಿಟ್ಟು ಹೇಳಿದ. ಅವನ ಕುಸ್ತಿ ವಸ್ತಾದ, ನಿನ್ನಂಥಾವನ, ದವಾಖಾನಿಗೆ ಒಯ್ಯಲಿಲ್ಲ. ಮನ್ಯಾಗ ಪಾಯಾಳು ಹೇಂತಿ ಅದಾಳ ಅಂತ ನನ್ನ ಮುಂದ ತಂದ ಕೂಡಿಸಿದ. ಗಂಡನ್ನ ಒದ್ರ ಪಾಪ, ಮೊದಲ ಅವನ ಕಾಲಿಗೆ ಬಿದ್ದು ಆಮ್ಯಾಲ ಒದಿ ಅಂದ್ಲು ನಮ್ಮ ಅತ್ತಿ. ಬಿದ್ದೆ. ಮೆಲ್ಲಕ ಕಾಲ ಇಟ್ಟೆ. ಪೈಲವಾನನ ಕುತಿಗಿ ಐತಿ, ಜೋರ ಒದಿ ಅಂದ್ರು. ಜೋರ ಒದ್ದೆ. ಅವತ್ತಿನಿಂದ ಆ ಕೈ ಮ್ಯಾಲ ಏಳಲಿಲ್ಲ. ಸಾಯೂತನಕ ತುತ್ತ ಮಾಡಿ ನಾನ ಉಣಸೇನಿ. ಈ ಓಣ್ಯಾಗ ನನ್ನ ಹಿಂದ ಏನಂತಾರ ಗೊತ್ತೈತಿ ನನಗ. ಗಂಡನ್ನ ಒದ್ದಾಕಿ ಅಂತಾರ. ಒದಿ ಒದಿ ಅಂದವರಿಗೆ ಯಾರೂ ಏನೂ ಅನ್ನೂದಿಲ್ಲ!"

ಬೆನ್ನ ಹಿಂದಿನ ಆ ಹೆಸರನ್ನು ನಾನೂ ಕೇಳಿದ್ದೆ. ಅದರ ಹಿಂದೆ ಏನಿದೆ ಎಂದು ಅವತ್ತೇ ಗೊತ್ತಾದದ್ದು. ಓಣಿಯ ದೊಡ್ಡವರಿಗೆಲ್ಲ ಮೊದಲೇ ಗೊತ್ತಿತ್ತಂತೆ. ಗೊತ್ತಿದ್ದೂ ಮುಂಜಾನೆ ಎದ್ದು ಆ ಬಾಗಿಲಿಗೆ ಹೋಗಿ ಅದೇ ಕಾಲನ್ನು ಕೇಳುತ್ತಿದ್ದರಲ್ಲ, ಇವರ ಎದೆ ಯಾವುದರಿಂದ ಮಾಡಿದ್ದು?

ಅವ್ವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. "ಹೊಳ್ಳಿ ನೋಡಬ್ಯಾಡ," ಅಂದಳು, ಒದೆ ಬೀಳದಿದ್ದರೂ ಶಾಸ್ತ್ರ ಬಿಡಬಾರದು ನೋಡಿ. ನನ್ನ ಕುತ್ತಿಗೆಯಂತೂ ತಿರುಗುವ ಹಾಗಿರಲಿಲ್ಲ. ಕೈ ಕೊಸರಿಕೊಂಡು ಇಡೀ ಮೈಯನ್ನೇ ತಿರುಗಿಸಿ ನೋಡಿದೆ. ಕಾಕು ಹೊಸ್ತಿಲ ಮೇಲೆ ಕೂತಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬರೀ ಕಾಲುಚೀಲ. ಎರಡೂ ಕೈಯಿಂದ ಆ ಕಾಲನ್ನು ಅಮುಕಿ ಹಿಡಿದು ಅಳುತ್ತಿದ್ದಳು.

ಅಪ್ಪ ಮಿಲ್ಲಿನ ಪಾಳಿ ಮುಗಿಸಿ ಬಂದವನು ಎಲ್ಲ ಕೇಳಿ, ಊಟವನ್ನೂ ಮಾಡದೆ ನನ್ನನ್ನು ಧಾರವಾಡಕ್ಕೆ ಕರೆದೊಯ್ದ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ಯಾರೂ ತಿರುವದೆ ಇದ್ದದ್ದು ಪುಣ್ಯ ಎಂದರು ಡಾಕ್ಟರು. ಪಟ್ಟಿ ಕಟ್ಟಿ, ಮಲಗಿಸಿ, ಮಳೆಗಾಲ ಪೂರ್ತಿ ಗಾದಿಯ ಹತ್ತಿರ ಸುಳಿಯಬಾರದು ಎಂದರು. ಆಯ್ಕೆ ಹೋಯಿತು. ಕೈಯ ಬಲ ತಿರುಗಿ ಬಂತು. ಇವತ್ತು ನಾನು ಹುಡುಗಿಯರನ್ನು ಎತ್ತಿ ಒಗೆಯುತ್ತಿರುವುದು ಆ ಕೈಯಿಂದಲೇ.

ಓಣಿಯವರು ಏನಂದರು ಗೊತ್ತೇ? ಕಾಕು ಒದ್ದಿದ್ದರೆ ಎರಡು ದಿನದಲ್ಲಿ ವಾಸಿಯಾಗಿ ಹುಡುಗಿ ಮೆಡಲು ತರುತ್ತಿದ್ದಳು ಅಂದರು. ಮಾಸ್ತರೂ ಅದನ್ನೇ ಅಂದರು. ಅವ್ವ ವರ್ಷಗಟ್ಟಲೆ ಆಕೆಯ ಹತ್ತಿರ ಮಾತು ಬಿಟ್ಟಳು. "ಊರಿಗೆಲ್ಲಾ ಕೊಟ್ಲು, ನನ್ನ ಮಗಳಿಗೆ ಕಾಲ ಕೊಡಲಿಲ್ಲ," ಎಂದು ಕಂಡಕಂಡವರಿಗೆ ಹೇಳಿದಳು. ಡಾಕ್ಟರು ಹೇಳಿದ್ದನ್ನು ನಾನೂ ಅಪ್ಪನೂ ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವನ ಮೇಲೆ ನನಗೆ ಪ್ರೀತಿ ಎಷ್ಟಿದೆಯೋ ಈ ಒಂದು ವಿಷಯದಲ್ಲಿ ಸಿಟ್ಟೂ ಅಷ್ಟೇ ಇದೆ.

ಆ ಮಳೆಗಾಲ ಆಡಲು ಹೋಗುವ ಹಾಗಿಲ್ಲದ್ದರಿಂದ, ಅವ್ವನ ಕಣ್ಣು ತಪ್ಪಿಸಿ ಕಾಕುವಿನ ಮನೆಯಲ್ಲಿ ಕೂತಿರುತ್ತಿದ್ದೆ. ಕುತ್ತಿಗೆಗೆ ಶಾಖ ಕೊಡುವುದು, ನೋವಿನ ಅಂಚಿನ ತನಕ ಮಾತ್ರ ತಿರುಗಿ ಅಲ್ಲೇ 'ನಿಲ್ಲು' ಅನ್ನುವುದು, ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಆಗಲೇ. ಒಂದು ಮಧ್ಯಾಹ್ನ ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಅವತ್ತ ನೀ ಹೊಳ್ಳಿ ನೋಡಿದೆ. ಅದಕ್ಕ ನಿನಗ ಹೇಳ್ತೇನಿ. ನಾ ಸತ್ತ ದಿನ ಬಂದು ನನ್ನ ಕಾಲ ಮುಚ್ಚು. ಈ ಮಂದಿ ಹೆಣದ ಕಾಲನ್ನೂ ಬಿಡೂದಿಲ್ಲ. ಕಾಲುಚೀಲ ಹಾಕಿ ಕಳಸು ನನ್ನ. ಆಣಿ ಮಾಡು."

ಆಣೆ ಮಾಡಿದೆ.

ಅದಕ್ಕೇ ಹೇಳಿದ್ದು, ಮೊಬೈಲಿನಲ್ಲಿ ಆ ಎರಡು ಸಾಲು ಓದಿ ನನಗೆ ಮೈ ಉರಿಯಿತು ಎಂದು. ಹುಡುಗಿಯ ಕೈಯ ಬಲ ಸರಿಯಾಗಿತ್ತು, ಬರೀ ಸ್ನಾಯು ಹಿಡಿದದ್ದು. ಯಾರೂ ಕುತ್ತಿಗೆ ತಿರುವಬಾರದು ಎಂದು ಹೇಳಿ ಅವಳನ್ನು ಮನೆಗೆ ಕಳಿಸಿ, ಆಟದ ಸಾಮಾನಿನ ಕೋಣೆಗೆ ಹೋಗಿ ಕೈಗೆ ಸಿಕ್ಕ ಕಾಲುಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ದಾಂಡೇಲಿ ಬಸ್ಸು ಹೋಗಿಯಾಗಿತ್ತು. ಮುಂದಿನದು ತುಂಬಿಕೊಂಡು ಬಂದು ಊರೂರಿಗೆ ನಿಂತಿತು. ದಾರಿಯುದ್ದಕ್ಕೂ ಗುಂಪಿನಲ್ಲಿ ಫೋಟೋ ಬರುತ್ತಿದ್ದವು. ಬಿಳಿ ಬಟ್ಟೆ, ಕೆಂಪು ಪಾದ. ಬಿಳಿ ಬಟ್ಟೆ, ಕೆಂಪು ಪಾದ. ಮೊಬೈಲನ್ನು ಕಿಟಕಿಯಿಂದ ಆಚೆ ಎಸೆಯಬೇಕು ಅನ್ನಿಸಿತು.

ನಾನು ಮುಟ್ಟುವಷ್ಟರಲ್ಲಿ ಓಣಿಯ ತುಂಬ ಜನ. ಸ್ನಾನ ಮಾಡಿಸಿ, ನಮ್ಮ ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸುವುದಕ್ಕೆ ಮೊದಲು ಚಾಪೆಯ ಮೇಲೆ ಮಲಗಿಸಿದ್ದರು. ಹಣೆಗೆ ವಿಭೂತಿ. ಮುಖದ ಹತ್ತಿರ ಯಾರೂ ಇರಲಿಲ್ಲ. ಎಲ್ಲರೂ ಕಾಲ ಕಡೆಗೆ. ಎದುರು ಮನೆಯ ಅದೇ ಅಕ್ಕಾರು, ಈಗ ಮುದುಕಿಯಾಗಿದ್ದಾರೆ, ಬೋಗುಣಿಯಲ್ಲಿ ಕುಂಕುಮ ಕಲಸಿಕೊಂಡು ಕೂತು ಕಾಕುವಿನ ಅಂಗಾಲಿಗೆ ಹಚ್ಚುತ್ತಿದ್ದರು. ಒಬ್ಬೊಬ್ಬರಾಗಿ ಬಟ್ಟೆ ಒತ್ತಿ ಗುರುತು ತೆಗೆದುಕೊಳ್ಳುತ್ತಿದ್ದರು. ಒಬ್ಬ ಗಂಡಸು ಬಟ್ಟೆಯೂ ಬೇಡವೆಂದು ಬಗ್ಗಿ, ತನ್ನ ಕುತ್ತಿಗೆಯನ್ನೇ ಆ ತಣ್ಣಗಿನ ಕಾಲಿಗೆ ಒತ್ತಿ ಎದ್ದ. ಎದ್ದು ಹೊಳ್ಳಿ ನೋಡದೆ ಹೋದ.

"ಗಂಡನಿಲ್ಲದಾಕೀಗೆ ಕುಂಕುಮ ನಡೀತೈತೇನ್ರಿ ಅಕ್ಕಾರ ಈಗ?" ಎಂದು ಕೇಳಿದೆ.

ಅಕ್ಕಾರು ತಲೆ ಎತ್ತಿ, ತಿಳಿಯದ ಹುಡುಗಿಗೆ ಹೇಳುವ ಹಾಗೆ ಹೇಳಿದರು: "ಹಣಿಗೆ ನಡಿಯೂದಿಲ್ಲ ತಂಗಿ. ಇದು ಕಾಲಿಗೆ. ಕಾಲಿಗೆ ನಡೀತೈತಿ."

ಆ ಬೋಗುಣಿಯನ್ನು ಒದ್ದೆ. ಮನಸ್ಸಿನಲ್ಲಿ ಅಲ್ಲ, ಕಾಲಿನಿಂದ, ಹುಡುಗಿಯರಿಗೆ ಹೇಳಿಕೊಡುವಷ್ಟು ಚೆನ್ನಾಗಿ ಒದ್ದೆ. ಅದು ಗೋಡೆಗೆ ಬಡಿದು ಕುಂಕುಮದ ನೀರು ನಾಲ್ಕು ಜನರ ಬಟ್ಟೆಗೆ ಹಾರಿತು. ಅಕ್ಕಾರು ಶಿವಶಿವಾ ಅಂದರು. ಯಾರೋ, ಸಾಲಿ ಟೀಚರ ಅಂತ ನೋಡ್ರಿ ಅಂದರು. ಅನ್ನಲಿ. ಒಂದು ತಂಬಿಗೆ ನೀರು ತಂದು ಕಾಲು ತೊಳೆದೆ. ಹಿಮ್ಮಡಿಯ ಬಿರುಕಿನಲ್ಲಿ ಕೂತ ಕೆಂಪು ಹೋಗಲಿಲ್ಲ. ಸೆರಗಿನಿಂದ ಒರೆಸಿ ಕಾಲುಚೀಲ ಹಾಕಿದೆ. ಹಾಕುವಾಗಲೇ ನೋಡಿದ್ದು, ಫುಟ್‌ಬಾಲ್ ಆಡುವವರದು, ಮೊಣಕಾಲಿನ ತನಕ ಬರುವ ಹಸಿರು ಬಿಳಿ ಪಟ್ಟೆ. ಇರಲಿ. ಚಪ್ಪಲಿ ಅಂಗಡಿಯ ಮುಂದೆ ನಿಲ್ಲುತ್ತಿದ್ದವಳಿಗೆ ಬಣ್ಣ ಹಿಡಿಸಿರುತ್ತದೆ.

"ಇದೆಲ್ಲಾ ಶಾಸ್ತ್ರದಾಗಿಲ್ಲ," ಎಂದು ಓಣಿಯ ಹಿರಿಯರೊಬ್ಬರು ಮುಂದೆ ಬಂದರು.

"ಹೆಣದ ಕಾಲಿಗೆ ಪಾಳಿ ಹಚ್ಚೂದು ಯಾವ ಶಾಸ್ತ್ರದಾಗ ಐತ್ರಿ?" ಅಂದೆ. ಅವರು ಹಿಂದೆ ಸರಿದರು. ಆಮೇಲೆ ಮಣ್ಣಿನ ಶಾಸ್ತ್ರ ಮಾಡಿಸಲು ಬಂದ ಅಯ್ಯನವರು ಕಾಲುಚೀಲ ನೋಡಿ, ನನ್ನ ಮುಖ ನೋಡಿ, "ಇರಲಿ ಬಿಡ್ರಿ," ಅಂದರು. ಪಟ್ಟೆಯ ಕಾಲುಚೀಲ ತೊಟ್ಟೇ ಕಾಕು ಮಣ್ಣಿಗೆ ಹೋದಳು. ಓಣಿಯಲ್ಲಿ ಅದನ್ನು ಹೇಳಿಕೊಂಡು ನಗುತ್ತಾರಂತೆ.

ಮಣ್ಣು ಮುಗಿಸಿ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಈಗ ಅವಳಿಗೂ ವಯಸ್ಸಾಗಿದೆ, ಅಪ್ಪ ಬೈದು ಬೈದು ಕಾಕುವಿನ ಹತ್ತಿರ ಮಾತೂ ಆಡಿಸಿದ್ದ. ಒಳಗೆ ಕರೆದು, ದಿಂಬಿನ ಕೆಳಗಿನಿಂದ ಏನೋ ತೆಗೆದು ನನ್ನ ಕೈಯಲ್ಲಿಟ್ಟಳು. ಮಡಿಸಿದ ಬಿಳಿ ಬಟ್ಟೆ.

"ಎಲ್ಲಾರಕಿಂತ ಮೊದಲ ಹೋಗಿ ತಗೊಂಡೆ. ಛಲೋ ಮೂಡೇತಿ. ಆವಾಗ ನಿನಗ ಸಿಗಲಿಲ್ಲಲಾ."

ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆಂದಿದ್ದೆ. ಅವ್ವ ನನ್ನ ಕೈಯಲ್ಲಿದ್ದ ಬಟ್ಟೆಯ ಮಡಿಕೆಯನ್ನು ಸರಿಮಾಡುತ್ತಿದ್ದಳು. ಇಷ್ಟು ವರ್ಷ ಅವಳ ತಲೆಯಲ್ಲಿದ್ದದ್ದು ಅದೊಂದೇ, ಮಗಳಿಗೆ ಸಿಗಬೇಕಾದದ್ದು ಸಿಗಲಿಲ್ಲ ಎಂದು. ಇಂಥವರ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿ ಇಳಿಸುವುದು ಹೇಳಿ. ಬಟ್ಟೆಯನ್ನು ಬಚ್ಚಲಿಗೆ ಒಯ್ದು ಸಾಬೂನು ಹಾಕಿ ತಿಕ್ಕಿದೆ. ಅವ್ವ ಬಾಗಿಲಲ್ಲಿ ನಿಂತು ಅತ್ತಳು. ನಾನೂ ಅಳುತ್ತಲೇ ತಿಕ್ಕಿದೆ, ಹಿಮ್ಮಡಿಯ ಜಾಗದಲ್ಲಿ ಒಂದಿಷ್ಟು ಗುಲಾಬಿ ಕಲೆ ಉಳಿಯುವ ತನಕ.

ಮರುದಿನ ಹಳಿಯಾಳದಲ್ಲಿ ಆ ಹುಡುಗಿ ಹಾಗೇ ಗೋಣು ಬಿಗಿಹಿಡಿದು ಬಂದಳು. ಮನೆಯಲ್ಲಿ ಯಾರೋ ಕಟಕ್ ಅನ್ನಿಸುತ್ತೇನೆ ಅಂದರಂತೆ, ಟೀಚರು ಬೇಡ ಅಂದಿದ್ದಾರೆ ಎಂದು ತಪ್ಪಿಸಿಕೊಂಡು ಬಂದಿದ್ದಳು. ಬಿಸಿಯೂಟದ ಒಲೆಯ ಮೇಲೆ ದಪ್ಪ ಉಪ್ಪು ಹುರಿದೆ. ಒಗೆದು ಒಣಗಿಸಿದ ಆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ನನ್ನ ಮುಂಗೈಗೆ ಮುಟ್ಟಿಸಿ ನೋಡಿ, ಅವಳ ಕುತ್ತಿಗೆಗೆ ಇಟ್ಟೆ. ಆರಿದರೆ ಮತ್ತೆ ಬಿಸಿ ಮಾಡಿದೆ. ಹುಡುಗಿಯ ಹೆಗಲು ನಿಧಾನವಾಗಿ ಕೆಳಗಿಳಿಯಿತು.

"ಆರಾಮ ಅನಸ್ತೈತ್ರಿ ಟೀಚರ. ಇದನ್ನ ಯಾರ ಕಲಿಸಿದ್ರಿ ನಿಮಗ?"

ಕಾಕುವಿನ ಹೆಸರು ಹೇಳಿದೆ. ಪೂರ್ತಿ ಹೆಸರು, ಆಕೆಯ ತವರಿನ ಅಡ್ಡಹೆಸರೂ ಸೇರಿಸಿ. ಹುಡುಗಿ ಅದನ್ನು ಒಂದು ಸಲ ತಾನೂ ಹೇಳಿ ನೋಡಿದಳು.

ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದಾಗ ಕರೆದು ಹೇಳಿದೆ:

"ಈಗ ಹೊಳ್ಳಿ ನೋಡು. ಮೆಲ್ಲಕ."

ಹುಡುಗಿ ಹೊಳ್ಳಿ ನೋಡಿದಳು.